ಬೇಸಿಗೆ ಶುರುವಾದಾಗ ಕಾಸರಗೋಡಿನ ಕಡಲಲ್ಲಿ ಮೀನು ಹಿಡಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕ ಕೇರಳ ಗಡಿಯ ತಲಪಾಡಿ ದಾಟಿ ತೆಂಕಕ್ಕೆ ಬಂದರೆ ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲು, ಕಾಸರಗೋಡು, ಬೇಕಲ, ನೀಲೇಶ್ವರ. ಇಷ್ಟೂ ಕಡೆ ಗಾಳ ಹಿಡಿದು ದಡಕ್ಕೆ ಬರುವವರು, ಬೀಸುಬಲೆ ಹಾಕುವವರು, ನಾಡದೋಣಿಯವರ ಜೊತೆ ಹೋಗುವ ಆಸೆ ಇರುವವರು ಬೇಸಿಗೆ ಬಂತೆಂದರೆ ಕೇಳುವುದು ಬಹುಪಾಲು ಇದೇ ಪ್ರಶ್ನೆಗಳನ್ನು. ಉತ್ತರಗಳನ್ನು ಕನ್ನಡದಲ್ಲಿ ಒಂದೇ ಕಡೆ ಇಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೇಸಿಗೆಯ ಕಡಲು ನೋಡಲು ಸಾಧು. ಅದಕ್ಕೇ ಜನ ಅದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಮೀನಿನ ಪ್ರಶ್ನೆಗಿಂತ ನೀರಿನ ಪ್ರಶ್ನೆಗೆ ಇಲ್ಲಿ ಉತ್ತರ ಉದ್ದ ಇದ್ದರೆ ಕಾರಣ ಅದೇ.

ಯಾವ ತಿಂಗಳುಗಳ ಮಾತು ಇದು?

ಶಿವರಾತ್ರಿ ಕಳೆದು ಚಳಿ ಬಿಟ್ಟ ಮೇಲೆ, ಪತ್ತನಾಜೆಯ ತನಕ. ಅಂದರೆ ಹೆಚ್ಚುಕಮ್ಮಿ ಮಾರ್ಚಿನಿಂದ ಮೇ ನಾಲ್ಕನೇ ವಾರದವರೆಗೆ. ಇದರಲ್ಲೂ ಏಪ್ರಿಲ್ ನಡುವಿನ ಬಿಸು ಹಬ್ಬದ ಮೊದಲು ಒಂದು ರೀತಿ, ಬಿಸು ಕಳೆದ ಮೇಲೆ ಇನ್ನೊಂದು ರೀತಿ. ಮಾರ್ಚಿನಲ್ಲಿ ಕಡಲು ತಣ್ಣಗೆ ಮಲಗಿರುತ್ತದೆ. ಏಪ್ರಿಲ್ ಕೊನೆಗೆ ಸಂಜೆಯ ಗುಡುಗು ಶುರು, ದೂರದಿಂದ ಬರುವ ಅಲೆಯೂ ಶುರು. ಮೇ ತಿಂಗಳಲ್ಲಿ ಅರಬ್ಬಿ ಕಡಲಲ್ಲಿ ಚಂಡಮಾರುತ ಹುಟ್ಟುವುದುಂಟು. 2021ರ ಮೇ ತಿಂಗಳಿನ ತೌಕ್ತೆ ನಮ್ಮ ತೀರಕ್ಕೆ ಸಮಾನಾಂತರವಾಗಿ ಬಡಗಿಗೆ ಹೋಯಿತು. ಅದು ಇಲ್ಲಿಯ ದಡಕ್ಕೆ ಅಪ್ಪಳಿಸಲೇ ಇಲ್ಲ, ಆದರೂ ಉಪ್ಪಳದ ಮುಸೋಡಿ ಕಡೆಯ ಕಡಲ್ಕೊರೆತ ನೋಡಿದವರಿಗೆ ಮರೆಯುವ ಹಾಗಿಲ್ಲ.

ದಿನದಲ್ಲಿ ಯಾವ ಹೊತ್ತು ಒಳ್ಳೆಯದು?

ಹೊತ್ತು ಮೂಡುವ ಮೊದಲಿನಿಂದ ಬೆಳಿಗ್ಗೆ ಒಂಬತ್ತರ ತನಕ. ಬಿಸುವಿನ ಹೊತ್ತಿಗೆ ಇಲ್ಲಿ ಸೂರ್ಯ ಸುಮಾರು 6.20ಕ್ಕೆ ಹುಟ್ಟುತ್ತಾನೆ. ನೀವು ಐದೂವರೆಗೆ ದಡದಲ್ಲಿರಬೇಕು.

ಕಾರಣ ಸುಲಭ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಣಿಯುವುದು ನಿಧಾನ. ಹಾಗಾಗಿ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಆ ಗಾಳಿಗೆ ಅಲೆಯ ತಲೆ ತಗ್ಗುತ್ತದೆ, ನೀರು ಎಣ್ಣೆ ಸುರಿದ ಹಾಗೆ ನಯವಾಗುತ್ತದೆ. ಬಿಸಿಲೇರಿದ ಮೇಲೆ ಎಲ್ಲ ತಿರುವುಮುರುವು. ಹನ್ನೊಂದು ಹನ್ನೆರಡರ ಹೊತ್ತಿಗೆ ಪಡುವಣದಿಂದ, ಜಾಸ್ತಿಯಾಗಿ ವಾಯುವ್ಯದಿಂದ, ಕಡಲ ಗಾಳಿ ಎದ್ದು ಬರುತ್ತದೆ. ಮಧ್ಯಾಹ್ನ ಎರಡರಿಂದ ಐದರ ನಡುವೆ ಅದರ ಜೋರು. ಆಗ ನೀರಿನ ಮೇಲೆಲ್ಲ ಬಿಳಿ ನೊರೆ. ಗಾಳದ ತಂಗೂಸಿ (ನೈಲಾನ್ ದಾರ) ಗಾಳಿಗೆ ಬಾಗಿ ನಿಲ್ಲುತ್ತದೆ, ಮೀನು ಕಚ್ಚಿದ್ದೂ ಗೊತ್ತಾಗುವುದಿಲ್ಲ.

ನಾಡದೋಣಿಯವರು ಬೆಳಗಿನ ಜಾವ ಹೋಗಿ ಕಡಲ ಗಾಳಿ ಏಳುತ್ತಿದ್ದ ಹಾಗೆ ವಾಪಸ್ ಬರುವುದು ಈ ಲೆಕ್ಕದಲ್ಲೇ. ಹೋಗುವಾಗ ನೆಲದ ಗಾಳಿ ಬೆನ್ನಿಗೆ, ಬರುವಾಗ ಕಡಲ ಗಾಳಿ ಬೆನ್ನಿಗೆ. ಎಂಜಿನ್ ಬಂದ ಮೇಲೂ ಈ ಕ್ರಮ ಬಿಟ್ಟಿಲ್ಲ, ಎಣ್ಣೆ ಉಳಿಯುತ್ತದೆ ಅಲ್ವಾ.

ಸಂಜೆ ಐದೂವರೆ ಕಳೆದ ಮೇಲೆ ಗಾಳಿ ಇಳಿದರೆ ಇನ್ನೊಂದು ಒಳ್ಳೆಯ ಹೊತ್ತು ಸಿಗುತ್ತದೆ. ಆದರೆ ಏಪ್ರಿಲ್, ಮೇ ತಿಂಗಳ ಸಂಜೆ ಮೂಡಣ ದಿಕ್ಕಿನ ಆಕಾಶ ನೋಡದೆ ಹೊರಡಬೇಡಿ. ಕಾರಣ ಕೆಳಗೆ ಬರೆದಿದ್ದೇನೆ.

ನೀರು ಇಷ್ಟು ಬಿಸಿಯಾದರೆ ಮೀನು ಎಲ್ಲಿಗೆ ಹೋಗುತ್ತದೆ?

ಮಳೆಗಾಲಕ್ಕೆ ಮೊದಲು ಅರಬ್ಬಿ ಕಡಲಿನ ಈ ಭಾಗದಲ್ಲಿ ಮೇಲಿನ ನೀರು 30 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಿಸಿ ನೀರಲ್ಲಿ ಆಮ್ಲಜನಕ ಕಮ್ಮಿ. ಹೊಳೆಗಳು ಸೊರಗಿರುವುದರಿಂದ ಕೆಸರೂ ಬರುವುದಿಲ್ಲ, ಗೊಬ್ಬರದ ಅಂಶವೂ ಬರುವುದಿಲ್ಲ. ಹಾಗಾಗಿ ನೀರು ತಿಳಿ, ಮೀನಿನ ಮೇವು ತೆಳು. ಮಳೆಗಾಲದ ಗಾಳಿ ಬೀಸಿ ಅಡಿಯ ತಣ್ಣೀರು ಮೇಲೆ ಬಂದಾಗಲೇ ಮತ್ತೆ ಮೇವು ಹೆಚ್ಚುವುದು, ಬೂತಾಯಿ ಬಂಗುಡೆ ಹಿಂಡು ಕಟ್ಟುವುದು.

ಅಷ್ಟರ ತನಕ ಮೀನು ನಡು ಹಗಲಲ್ಲಿ ಆಳಕ್ಕೆ, ಬಂಡೆಯ ನೆರಳಿಗೆ, ಹೊಳೆ ಕಡಲು ಸೇರುವ, ಹರಿವು ಇರುವ ಅಳಿವೆ ಬಾಯಿಗೆ ಸರಿಯುತ್ತದೆ. ಮುಂಜಾನೆ ಮತ್ತು ರಾತ್ರಿ ದಡಕ್ಕೆ ಬಂದು ಮೇಯುತ್ತದೆ. ತಿಳಿ ನೀರಲ್ಲಿ ಅದಕ್ಕೆ ನಿಮ್ಮ ದಪ್ಪ ತಂಗೂಸಿಯೂ ಕಾಣುತ್ತದೆ, ನೀರಿನ ಅಂಚಲ್ಲಿ ನಿಂತ ನಿಮ್ಮ ನೆರಳೂ ಕಾಣುತ್ತದೆ. ತೆಳು ತಂಗೂಸಿ ಕಟ್ಟಿ. ಎರಡು ಹೆಜ್ಜೆ ಹಿಂದೆ ನಿಂತು ಎಸೆಯಿರಿ.

ಉಬ್ಬರ ಇಳಿತ ಲೆಕ್ಕ ಹಾಕುವುದು ಹೇಗೆ?

ನಮ್ಮಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡೂ ಉಬ್ಬರ ಒಂದೇ ಎತ್ತರಕ್ಕೆ ಬರುವುದಿಲ್ಲ. ಇಂದಿನ ಉಬ್ಬರದ ಹೊತ್ತು ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಏರು ಇಳಿವಿನ ಅಂತರ ಒಂದರಿಂದ ಒಂದೂವರೆ ಮೀಟರ್ ಇರಬಹುದು, ಅಷ್ಟಮಿಯ ಹತ್ತಿರ ಅದು ತುಂಬಾ ಕಮ್ಮಿ. ಮೊಬೈಲ್ ಆ್ಯಪಿನಲ್ಲಿ ಕಾಸರಗೋಡು ಸಿಗದಿದ್ದರೆ ಮಂಗಳೂರಿನ ಹೊತ್ತು ನೋಡಿದರೆ ಸಾಕು, ಹೆಚ್ಚು ವ್ಯತ್ಯಾಸ ಇಲ್ಲ.

ಮೀನಿಗೆ ಬೇಕಾದದ್ದು ಹರಿಯುವ ನೀರು. ನೀರು ಏರಲು ಶುರುವಾಗಿ ಅರ್ಧ ಆಗುವ ತನಕ ದಡದಲ್ಲಿ ಒಳ್ಳೆಯದು. ಅಳಿವೆಯಲ್ಲಿ ಇಳಿಯುವ ನೀರಿನ ಮೊದಲ ಎರಡು ಗಂಟೆ ಒಳ್ಳೆಯದು, ಯಾಕೆಂದರೆ ಒಳಗಿನ ಸಣ್ಣ ಸಿಗಡಿ, ಮರಿ ಮೀನುಗಳನ್ನು ನೀರು ಹೊರಗೆ ಎಳೆದು ತರುತ್ತದೆ. ದೊಡ್ಡ ಮೀನು ಅಲ್ಲೇ ಬಾಯಿ ತೆರೆದು ಕಾಯುತ್ತದೆ. ನೀರು ನಿಂತ ಹೊತ್ತಲ್ಲಿ ಸುಮ್ನೆ ಕೂತು ಚಹಾ ಕುಡಿಯಬಹುದು.

ಹುಣ್ಣಿಮೆಯಲ್ಲಿ ಮೀನು ಸಿಗುವುದಿಲ್ಲ ಅಂತಾರಲ್ಲ?

ಬಲೆಯವರ ಅನುಭವ ಅದು, ಗಾಳದವರಿಗೆ ಪೂರ್ತಿ ಅನ್ವಯಿಸುವುದಿಲ್ಲ. ಬೆಳದಿಂಗಳಲ್ಲಿ ನೀರಿನಲ್ಲಿ ಪರದೆಯಂತೆ ಬಿಡುವ ಕಂತಬಲೆ ಮೀನಿಗೆ ಕಾಣುತ್ತದೆ, ಹಿಂಡು ಚೆದುರುತ್ತದೆ. ಕಾಳುಗತ್ತಲಲ್ಲೂ ಒಂದು ತೊಡಕಿದೆ. ಬೇಸಿಗೆಯ ಕೆಲವು ರಾತ್ರಿ ಹಿನ್ನೀರಿನಲ್ಲಿ ಕೈ ಆಡಿಸಿದರೆ ನೀರು ನೀಲಿಯಾಗಿ ಮಿನುಗುತ್ತದೆ. ಕಣ್ಣಿಗೆ ಕಾಣದ ಸಣ್ಣ ಜೀವಿಗಳ ಬೆಳಕು ಅದು. ಅಂಥ ರಾತ್ರಿ ಬಲೆಯ ಒಂದೊಂದು ಕಣ್ಣೂ ಹೊಳೆಯುತ್ತದೆ. ಮೀನು ಹತ್ತಿರ ಬರುವುದಿಲ್ಲ.

ಗಾಳಿ ಇಲ್ಲ, ಮೋಡ ಇಲ್ಲ. ಆದರೂ ಒಮ್ಮೆಲೇ ದೊಡ್ಡ ಅಲೆ ಹೇಗೆ ಬರುತ್ತದೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಇದಕ್ಕೆ ಕೇರಳದ ಮೀನುಗಾರರು ಇಟ್ಟ ಹೆಸರು ಕಳ್ಳಕ್ಕಡಲ್. ಸುಳಿವು ಕೊಡದೆ ಕಳ್ಳನ ಹಾಗೆ ಬರುತ್ತದೆ ಎಂದು. ಈ ಹೆಸರನ್ನು 2012ರಲ್ಲಿ ಯುನೆಸ್ಕೋ ಕೂಡ ಒಪ್ಪಿಕೊಂಡಿತು. ಭೂಮಧ್ಯರೇಖೆಯಿಂದ ಬಹಳ ತೆಂಕಕ್ಕೆ, ಹಿಂದೂ ಮಹಾಸಾಗರದ ಆ ತುದಿಯಲ್ಲಿ ಬಿರುಗಾಳಿ ಬೀಸುತ್ತದೆ. ಅಲ್ಲಿ ಎದ್ದ ಅಲೆ ಸಾವಿರಾರು ಕಿಲೋಮೀಟರ್ ದಾಟಿ ಕೆಲವು ದಿನಗಳ ನಂತರ ನಮ್ಮ ದಡಕ್ಕೆ ಬರುತ್ತದೆ. ಇಲ್ಲಿ ಎಲೆ ಅಲುಗದಿದ್ದರೂ ಅಲ್ಲಿನ ಗಾಳಿಯ ಬಲ ಅದರಲ್ಲಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇದು ಜಾಸ್ತಿ. 2024ರ ಮಾರ್ಚ್ 31ರಂದು ತಿರುವನಂತಪುರದ ಕಡೆಯ ತೀರಗಳಲ್ಲಿ ನೀರು ನುಗ್ಗಿದ್ದು ಹೀಗೇ. ಆ ದಿನ ಅಲ್ಲಿ ಮಳೆಯೂ ಇರಲಿಲ್ಲ, ಚಂಡಮಾರುತವೂ ಇರಲಿಲ್ಲ.

ದಡದಲ್ಲಿ ನಿಂತು ಗುರುತಿಸುವುದು ಹೇಗೆ? ಎರಡು ಅಲೆಗಳ ನಡುವಿನ ಹೊತ್ತು ನೋಡಿ. ನಮ್ಮ ಮಧ್ಯಾಹ್ನದ ಕಡಲ ಗಾಳಿಯ ಅಲೆ ಐದಾರು ಸೆಕೆಂಡಿಗೊಂದು ಬರುತ್ತದೆ, ಗಿಡ್ಡ, ಗಲಾಟೆ ಜಾಸ್ತಿ. ದೂರದ ಅಲೆ ಹದಿನೈದು ಸೆಕೆಂಡ್, ಕೆಲವೊಮ್ಮೆ ಇನ್ನೂ ಜಾಸ್ತಿ ಅಂತರದಲ್ಲಿ ಬರುತ್ತದೆ. ಆಳದಲ್ಲಿ ಅದು ಕಾಣುವುದೇ ಇಲ್ಲ, ಮೆಲ್ಲ ಉಬ್ಬಿ ಇಳಿಯುತ್ತದೆ ಅಷ್ಟೇ. ದಡದ ಹತ್ತಿರ ಬಂದಾಗ ಎದ್ದು ನಿಂತು ಮುರಿಯುತ್ತದೆ, ಮರಳಿನ ಮೇಲೆ ತುಂಬ ದೂರ ಓಡುತ್ತದೆ. ನಾಲ್ಕೈದು ದೊಡ್ಡವು ಬಂದು ಮತ್ತೆ ಹತ್ತು ನಿಮಿಷ ಶಾಂತ. ಆ ಶಾಂತವೇ ಮೋಸ. ಒಣ ಮರಳು ತನಕ ಒಮ್ಮೆ ನೀರು ಬಂದು ಹೋಯಿತೆಂದರೆ ಸಾಮಾನು ಎತ್ತಿಕೊಂಡು ಮೇಲೆ ಬನ್ನಿ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಉಬ್ಬರದ ಹೊತ್ತಿಗೇ ಇದು ಬಂದರೆ ಅಪಾಯ ಇಮ್ಮಡಿ.

ಹೈದರಾಬಾದಿನ ಇಂಕಾಯಿಸ್ ಸಂಸ್ಥೆ ಇದರ ಮುನ್ಸೂಚನೆ ಕೊಡುತ್ತದೆ, ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಅದನ್ನು ಜಿಲ್ಲೆವಾರು ಹೇಳುತ್ತದೆ. ಹೊರಡುವ ಹಿಂದಿನ ರಾತ್ರಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಎಚ್ಚರಿಕೆ ಇದ್ದ ದಿನ ದೋಣಿಗಳನ್ನು ಮೇಲಕ್ಕೆ ಎಳೆದು, ಒಂದಕ್ಕೊಂದು ತಾಗದಂತೆ ಅಂತರ ಬಿಟ್ಟು ಕಟ್ಟಬೇಕು.

ಎಚ್ಚರಿಕೆ ಮಲಯಾಳದಲ್ಲಿ ಬರುತ್ತದೆ. ಓದಲು ಬಾರದವರು ಏನು ಮಾಡಬೇಕು?

ಮಂಜೇಶ್ವರ, ಕುಂಬಳೆ ಕಡೆ ಇದು ನಿಜವಾದ ಕಷ್ಟ. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರಿಗೆ ಮಲಯಾಳ ಮಾತಾಡಲು ಬರುತ್ತದೆ, ಲಿಪಿ ಬರುವುದಿಲ್ಲ. ಜೀವ ಉಳಿಸುವ ಸೂಚನೆ ಈ ಜಿಲ್ಲೆಯಲ್ಲಿ ಕನ್ನಡದಲ್ಲೂ ಬರಲೇಬೇಕು, ಅದನ್ನು ಕೇಳುತ್ತಲೇ ಇರಬೇಕು. ಅಲ್ಲಿಯ ತನಕ ರೇಡಿಯೋ, ಟಿವಿಯಲ್ಲಿ ಕಿವಿಗೆ ಬೀಳುವ ಕೆಲವು ಮಾತು ಗೊತ್ತಿರಲಿ. ‘ಉಯರ್ನ್ನ ತಿರಮಾಲ’ ಅಂದರೆ ಎತ್ತರದ ಅಲೆ. ‘ಕಡಲಾಕ್ರಮಣಂ’ ಅಂದರೆ ಕಡಲು ನುಗ್ಗುವುದು. ‘ಇಡಿಮಿನ್ನಲ್’ ಗುಡುಗು ಮಿಂಚು. ‘ಮತ್ಸ್ಯಬಂಧನತ್ತಿನ್ ಪೋಕಾನ್ ಪಾಡಿಲ್ಲ’ ಎಂದರೆ ಮೀನು ಹಿಡಿಯಲು ಹೋಗಲೇಬಾರದು. ಬಣ್ಣದ ಲೆಕ್ಕ ಸುಲಭ: ಹಳದಿಗೆ ಎಚ್ಚರ, ಕಿತ್ತಳೆಗೆ ತಯಾರಿ, ಕೆಂಪಿಗೆ ಕಡಲ ಕಡೆ ತಲೆ ಹಾಕಬಾರದು. ಗಾಳದವರು ಹಳದಿಗೇ ಮನೆಯಲ್ಲಿ ಉಳಿದರೆ ನಷ್ಟ ಏನೂ ಇಲ್ಲ.

ದಡದಿಂದ ಈಗ ಯಾವ ಮೀನು ಸಿಗುತ್ತದೆ?

ಮರಳ ದಡದಲ್ಲಿ ಬೇಸಿಗೆಯ ಮೀನು ಅಂದರೆ ಕಾಣೆ (ಲೇಡಿಫಿಶ್). ದಡಕ್ಕೂ ಹೊರಗಿನ ಮರಳ ದಿಬ್ಬಕ್ಕೂ ನಡುವೆ ಒಂದು ತಗ್ಗು ಇರುತ್ತದೆ. ಅಲೆ ಹೊರಗೆ ಮುರಿದು, ನಡುವೆ ನೀರು ಸ್ವಲ್ಪ ಕಪ್ಪಾಗಿ ಕಾಣುವ ಜಾಗ. ಕಾಣೆ ಅಲ್ಲೇ ಮರಳು ಕೆದಕಿ ಹುಳು, ಸಣ್ಣ ಸಿಗಡಿ ತಿನ್ನುತ್ತದೆ. ಬಾಯಿ ಸಣ್ಣದು, ಹಾಗಾಗಿ ಸಣ್ಣ ಕೊಕ್ಕೆಯೇ ಬೇಕು. ಸೀಸದ ಗುಂಡು ಅಡಿಗೆ ಮುಟ್ಟಿದ ಮೇಲೆ ಮೆಲ್ಲ ಮೆಲ್ಲ ಎಳೆಯಿರಿ. ಬೆರಳ ಮೇಲೆ ಹಾದ ತಂಗೂಸಿಯಲ್ಲಿ ಟಕ್ ಟಕ್ ಎಂದು ಎರಡು ಸಣ್ಣ ತಟ್ಟು, ಆಮೇಲೆ ಒಂದು ನಡುಕ. ಜೋರಾಗಿ ಎಳೆದರೆ ತುಟಿ ಹರಿದು ಹೋಗುತ್ತದೆ. ಮಣಿಕಟ್ಟು ಮಾತ್ರ ಎತ್ತಿದರೆ ಸಾಕು.

ತಗ್ಗಿನ ನೀರು ಹೊರಗೆ ಹೋಗುವ ದಾರಿಯೂ ಅಲ್ಲೇ ಇರುತ್ತದೆ. ಸೊಂಟದ ತನಕ ಇಳಿಯಬೇಡಿ. ಎಳೆತಕ್ಕೆ ಸಿಕ್ಕರೆ ದಡದ ಕಡೆ ನೇರ ಈಜಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಎಳೆತದಿಂದ ಹೊರಬಂದು ಆಮೇಲೆ ದಡ ಸೇರಬೇಕು.

ಬಂಡೆಗಳಿರುವ ಕಡೆ ಕೆಂಬೇರಿ ಸಿಗಬಹುದು. ಕೆಸರು ಮಿಶ್ರ ಅಡಿ ಇದ್ದಲ್ಲಿ ಕೊಡ್ಡಾಯಿ, ನಂಗ್. ಅಂಜಲ್ ದಡದ ಮೀನಲ್ಲ, ಅದಕ್ಕೆ ದೋಣಿ ಬೇಕು. ಅಂದ ಹಾಗೆ ಮಾರ್ಕೆಟಿನಲ್ಲಿ ನಮ್ಮ ಬೂತಾಯಿ ಮತ್ತಿಯಾಗುತ್ತದೆ, ಬಂಗುಡೆ ಅಯಲ, ಅಂಜಲ್ ಅಯಕೂರ. ಚೆರುವತ್ತೂರಿನ ಮಡಕ್ಕರ ಬಂದರಿಗೆ ಹೋದರೆ ಈ ಹೆಸರುಗಳಲ್ಲೇ ಕೇಳಬೇಕು.

ಅಳಿವೆ, ಹಿನ್ನೀರಿನಲ್ಲಿ ಹೇಗಿರುತ್ತದೆ?

ಕೇರಳದ 44 ನದಿಗಳಲ್ಲಿ 12 ಈ ಜಿಲ್ಲೆಯವು. ಹಾಗಾಗಿ ಅಳಿವೆಗೆ ನಮ್ಮಲ್ಲಿ ಬರ ಇಲ್ಲ. ಬೇಸಿಗೆಯಲ್ಲಿ ಸಿಹಿನೀರು ಸೊರಗಿ ಉಪ್ಪುನೀರು ತುಂಬ ಒಳಗೆ ಏರುತ್ತದೆ. ಚಂದ್ರಗಿರಿ ಹೊಳೆಯಲ್ಲಿ ಬಾವಿಕ್ಕರೆಯ ತನಕ ಉಪ್ಪು ಏರಿ ಕಾಸರಗೋಡು ಪೇಟೆಯ ಕುಡಿಯುವ ನೀರೇ ಕೆಡುತ್ತಿತ್ತು. ಅದನ್ನು ತಡೆಯಲೆಂದೇ ಅಲ್ಲಿ ಅಡ್ಡಗಟ್ಟೆ ಕಟ್ಟಿದ್ದು. ಉಪ್ಪಿನ ಜೊತೆ ಕಡಲ ಮೀನೂ ಒಳಗೆ ಬರುತ್ತದೆ. ಆದ್ದರಿಂದ ಮಧ್ಯಾಹ್ನ ಕಡಲು ಕೆದರಿದ ದಿನವೂ ಶಿರಿಯ, ಚಂದ್ರಗಿರಿ, ನೀಲೇಶ್ವರದ ಒಳನೀರಲ್ಲಿ, ಸೇತುವೆ ಕಂಬಗಳ ನೆರಳಲ್ಲಿ ಗಾಳ ಹಾಕಬಹುದು. ತೆಂಕು ತುದಿಯ ವಲಿಯಪರಂಬ ಹಿನ್ನೀರು ಇದಕ್ಕೆ ಒಳ್ಳೆಯ ಜಾಗ.

ಸಣ್ಣ ಹೊಳೆಗಳ ಬಾಯಿಯನ್ನು ಈ ಕಾಲದಲ್ಲಿ ಮರಳು ಕಿರಿದು ಮಾಡುತ್ತದೆ. ಹೋದ ವರ್ಷ ನಡೆದು ದಾಟಿದ ಜಾಗ ಈ ವರ್ಷ ಆಳವಾಗಿರಬಹುದು. ಅಲ್ಲಿಯ ಮರುವಾಯಿ (ಚಿಪ್ಪು ಮೀನು) ಹೆಕ್ಕುವವರನ್ನು ಕೇಳಿ, ಅವರಿಗೆ ಕಾಲಡಿಯ ಮರಳು ಗೊತ್ತು.

ಎರೆಗೆ ಏನು ಹಾಕಲಿ?

ಜೀವಂತ ಸಣ್ಣ ಸಿಗಡಿಗಿಂತ ಒಳ್ಳೆಯದು ಇಲ್ಲ. ಬೊಂಡಾಸ್ (ಸ್ಕ್ವಿಡ್) ತುಂಡು ಕೊಕ್ಕೆಯಲ್ಲಿ ಗಟ್ಟಿ ನಿಲ್ಲುತ್ತದೆ. ಬೂತಾಯಿ ತುಂಡಿನ ವಾಸನೆ ದೂರ ಹೋಗುತ್ತದೆ, ಆದರೆ ಬಿಸಿಲಿಗೆ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ. ಎರೆಯನ್ನೂ ಐಸಿನಲ್ಲಿಡಿ.

ಬಂದರಿನ ಕಲ್ಲು ದಂಡೆಯ ಮೇಲೆ ಕೂರಬಹುದಾ?

ಮಂಜೇಶ್ವರ, ಕಾಸರಗೋಡು ಬಂದರುಗಳ ದಂಡೆಗೆ ಜನ ಹೋಗುತ್ತಾರೆ. ದೋಣಿ ಹೋಗಿ ಬರುವ ದಾರಿಗೆ ಗಾಳ ಎಸೆಯಬೇಡಿ, ಎಂಜಿನ್‌ನ ಪಂಖಕ್ಕೆ ತಂಗೂಸಿ ಸುತ್ತಿದರೆ ಅಳಿವೆ ಬಾಯಲ್ಲೇ ದೋಣಿ ನಿಲ್ಲುತ್ತದೆ. ಪಾಚಿ ಹಿಡಿದ ಕಲ್ಲಿಗೆ ಇಳಿಯಬೇಡಿ. ಕಳ್ಳಕ್ಕಡಲ್ ಎಚ್ಚರಿಕೆಯ ದಿನ ದಂಡೆಗೆ ಹೋಗಲೇಬೇಡಿ.

ಕೈರಂಪಣಿ (ಹಲವರು ಸೇರಿ ದಡಕ್ಕೆ ಎಳೆಯುವ ದೊಡ್ಡ ಬಲೆ) ಎಳೆಯುತ್ತಿದ್ದರೆ?

ಗಾಳ ಮಡಚಿ ದೂರ ಸರಿಯಿರಿ. ಅಥವಾ ಹಗ್ಗಕ್ಕೆ ಕೈ ಕೊಡಿ, ಬೇಡ ಅನ್ನುವುದಿಲ್ಲ. ಅದು ಅವರ ಹೊಟ್ಟೆಪಾಡು, ನಮಗೆ ಹವ್ಯಾಸ. ದಡದ ಮೊದಲ ಹಕ್ಕು ಮೊಗವೀರರದ್ದು, ಅಲ್ಲಿಯ ಮೀನುಗಾರ ಕುಟುಂಬಗಳದ್ದು. ಕಡಲು ಹೇಗಿದೆ ಎಂದು ಅವರಲ್ಲಿ ಕೇಳಿ. ‘ಇವತ್ತು ಬೇಡ’ ಅಂದರೆ ಕಾರಣ ಕೇಳದೆ ವಾಪಸಾಗಿ ಮಾರಾಯ್ರೆ.

ಗುಡುಗು ಬಂದರೆ?

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರ, ಘಟ್ಟದ ಕಡೆಯಿಂದ ಬರುತ್ತದೆ. ನೀವು ಪಡುವಣಕ್ಕೆ ಮುಖ ಮಾಡಿ ನಿಂತಿರುತ್ತೀರಿ, ಅದು ಬೆನ್ನ ಹಿಂದೆ ಕಟ್ಟುತ್ತದೆ. ಬಯಲು ಮರಳಿನಲ್ಲಿ ನಿಂತ ಮನುಷ್ಯ, ಕೈಯಲ್ಲಿ ಕಾರ್ಬನ್ ರಾಡ್. ಸಿಡಿಲಿಗೆ ಇದಕ್ಕಿಂತ ಸುಲಭದ ಗುರಿ ಬೇರೆ ಬೇಕಾ? ಮೊದಲ ಗುಡುಗು ಕಿವಿಗೆ ಬಿದ್ದ ಕೂಡಲೇ ರಾಡ್ ಕೆಳಗಿಟ್ಟು ಕಟ್ಟಡದ ಒಳಗೆ ಅಥವಾ ಕಾರಿನ ಒಳಗೆ ಹೋಗಿ. ತೆಂಗಿನ ಮರದಡಿ ನಿಲ್ಲಬಾರದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಹೊರಗೆ ಬನ್ನಿ.

ಸಣ್ಣ ಮೀನು ಸಿಕ್ಕರೆ ಬಿಡಬೇಕಾ?

ಬಿಡಬೇಕು. ಕೇರಳದಲ್ಲಿ 58 ಜಾತಿಗಳಿಗೆ ಕನಿಷ್ಠ ಅಳತೆ ಗೊತ್ತು ಮಾಡಿದ್ದಾರೆ. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಇದಕ್ಕಿಂತ ಸಣ್ಣದನ್ನು ಹಿಡಿದು ತರುವ ದೋಣಿಗಳಿಗೆ ದಂಡ ಇದೆ. ಕೇರಳದ ಬೂತಾಯಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಸಿಕ್ಕಿತ್ತು, 2021ರಲ್ಲಿ 3,297 ಟನ್‌ಗೆ ಇಳಿಯಿತು. ಕಡಲಿನ ಬಿಸಿ, ಮೇವಿನ ಕೊರತೆ ಹೀಗೆ ಕಾರಣ ಹಲವು. ಅದರಲ್ಲಿ ನಮ್ಮ ಕೈಯಲ್ಲಿರುವುದು ಮರಿ ಮೀನನ್ನು ಬಿಡುವುದು ಒಂದೇ. ಗಾಳದಲ್ಲಿ ಸಿಕ್ಕ ಸಣ್ಣ ಮೀನನ್ನು ಒದ್ದೆ ಕೈಯಲ್ಲಿ ಹಿಡಿಯಿರಿ, ಬಿಸಿ ಮರಳಿಗೆ ಎಸೆಯಬೇಡಿ. ಬಲೆಗೆ ಕಡಲಾಮೆ ಸಿಕ್ಕರೆ ಬಲೆ ಕತ್ತರಿಸಿಯಾದರೂ ಬಿಡಬೇಕು, ಅದು ಕಾನೂನು.

ಮುಳ್ಳು ಚುಚ್ಚಿದರೆ, ಜೆಲ್ಲಿ ಮೀನು ತಾಗಿದರೆ?

ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚಿದರೆ ಕೈಯೋ ಕಾಲೋ ಸಹಿಸುವಷ್ಟು ಬಿಸಿ ನೀರಲ್ಲಿ ಅರ್ಧ ಗಂಟೆಗೂ ಹೆಚ್ಚು ಇಡಿ, ನೋವು ತಗ್ಗುತ್ತದೆ. ಹತ್ತಿರದ ಚಹಾ ಅಂಗಡಿಯಲ್ಲಿ ಬಿಸಿ ನೀರು ಸಿಗುತ್ತದೆ, ಸುಡದ ಹಾಗೆ ನೋಡಿಕೊಳ್ಳಿ. ಆಮೇಲೆ ಆಸ್ಪತ್ರೆಗೆ ಹೋಗಿ, ಮುಳ್ಳಿನ ತುಂಡು ಒಳಗೆ ಉಳಿದಿರಬಹುದು. ಎದೆಗೆ, ಹೊಟ್ಟೆಗೆ ಚುಚ್ಚಿದ್ದರೆ ಮುಳ್ಳು ಕೀಳಬೇಡಿ, ನೇರ ಆಸ್ಪತ್ರೆಗೆ. ಜೆಲ್ಲಿ ಮೀನು ತಾಗಿದರೆ ತಿಕ್ಕಬೇಡಿ, ಕಡಲ ನೀರಲ್ಲೇ ತೊಳೆಯಿರಿ. ಉಸಿರಾಟಕ್ಕೆ ಕಷ್ಟವಾದರೆ ಕಾಯಬೇಡಿ. ಹೊಟ್ಟೆ ಬಲೂನಿನಂತೆ ಊದಿಸಿಕೊಳ್ಳುವ ಮೀನು ಸಿಕ್ಕರೆ ತಿನ್ನಬಾರದು, ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ.

ಹಿಡಿದ ಮೀನು ಮನೆಗೆ ಬರುವಷ್ಟರಲ್ಲಿ ಕೆಡುತ್ತದೆ. ಏನು ಮಾಡುವುದು?

ಮೀನಿನಷ್ಟೇ ತೂಕದ ಐಸ್ ಒಯ್ಯಿರಿ, ಈ ಕಾಲದಲ್ಲಿ ಅದಕ್ಕಿಂತ ಕಮ್ಮಿ ಸಾಲದು. ಬಂಗುಡೆ ವಿಷಯದಲ್ಲಿ ಇನ್ನೂ ಜಾಗ್ರತೆ. ಬಿಸಿಲಲ್ಲಿ ಇಟ್ಟ ಬಂಗುಡೆಯಲ್ಲಿ ಹಿಸ್ಟಮಿನ್ ಬೆಳೆಯುತ್ತದೆ. ತಿಂದ ಮೇಲೆ ಮುಖ ಕೆಂಪಾಗಿ, ತುರಿಕೆ, ತಲೆನೋವು ಬರುವುದು ಅದರಿಂದ. ಜನ ಅದನ್ನು ಮೀನಿನ ಅಲರ್ಜಿ ಎಂದುಕೊಳ್ಳುತ್ತಾರೆ. ಎಷ್ಟು ಹುಳಿ ಖಾರ ಹಾಕಿ ಕುದಿಸಿದರೂ ಅದು ಹೋಗುವುದಿಲ್ಲ. ಹಿಡಿದ ಕೂಡಲೇ ಐಸಿಗೆ ಹಾಕುವುದೊಂದೇ ದಾರಿ.

ನಿಷೇಧ ಯಾವಾಗ ಶುರು?

ಕೇರಳದಲ್ಲಿ ಟ್ರಾಲಿಂಗ್ (ಯಾಂತ್ರಿಕ ದೋಣಿಯಿಂದ ಬಲೆ ಎಳೆಯುವುದು) ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ತನಕ, 52 ದಿನ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ. ತಲಪಾಡಿಯ ಆಚೆ ಈಚೆ ನಿಯಮ ಬೇರೆ ಇರುವುದರಿಂದ ಗಡಿಯ ದೋಣಿಗಳು ಜೂನ್ ಮೊದಲ ವಾರ ಬಡಗಿಗೆ ಸರಿಯಬಾರದು. ದಡದಿಂದ ಗಾಳ ಹಾಕುವುದಕ್ಕೆ ಟ್ರಾಲಿಂಗ್ ನಿಷೇಧ ತಾಗುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ಮಳೆಗಾಲ, ದಡದಲ್ಲಿ ನಿಲ್ಲುವ ಕಡಲಲ್ಲ ಅದು.

ಕಡಲಲ್ಲಿ ಯಾರಾದರೂ ಸಿಕ್ಕಿಬಿದ್ದರೆ ಯಾರಿಗೆ ಫೋನ್ ಮಾಡಬೇಕು?

ಕೋಸ್ಟ್ ಗಾರ್ಡಿಗೆ 1554, ಕರಾವಳಿ ಪೊಲೀಸರಿಗೆ 1093, ಎರಡೂ ಸಿಗದಿದ್ದರೆ 112. ಫೋನ್ ಮಾಡುವಾಗ ಹತ್ತಿರದ ಅಳಿವೆ, ದೇವಸ್ಥಾನ ಅಥವಾ ಮಸೀದಿಯ ಹೆಸರು ಹೇಳಿ, ‘ಬೀಚ್ ಹತ್ತಿರ’ ಅಂದರೆ ಅವರಿಗೆ ಜಾಗ ಸಿಗುವುದಿಲ್ಲ. ಈಜಲು ಬರುತ್ತದೆಂದು ನೀವೇ ಹಾರಬೇಡಿ. ಐಸ್ ಪೆಟ್ಟಿಗೆ, ಮುಚ್ಚಳ ಬಿಗಿದ ಖಾಲಿ ಕ್ಯಾನ್, ತೇಲುವಂಥದ್ದು ಏನಿದ್ದರೂ ಎಸೆಯಿರಿ. ಹತ್ತಿರದ ದೋಣಿಯವರನ್ನು ಕೂಗಿ.